ಸೆಟ್ ದೋಸೆಯೂ ಕೂರದ ಹರಳೂ

ಪತ್ರ: “ಇಂಗ್ಲಿಷಿನ ‘ಸೆಟ್’ ಎಂಬ ಚಿಕ್ಕ ಪದಕ್ಕೆ ನಾನೂರು ಚಿಲ್ಲರೆ ಅರ್ಥಗಳಿವೆ ಎಂದು ಮೊಮ್ಮಗ ತೋರಿಸಿದ. ಕನ್ನಡದಲ್ಲಿ ಅಂಥ ಒಂದು ಪದವಾದರೂ ಇದೆಯೇ? ನಮ್ಮ ಭಾಷೆಗೆ ಆ ಕಸುವಿಲ್ಲವೇನೋ.” – ಬಸವನಗುಡಿಯ ಓದುಗರೊಬ್ಬರು

ಉತ್ತರ: ಮೊಮ್ಮಗ ಹೇಳಿದ್ದು ನಿಜ. 1989ರ ಆಕ್ಸ್‌ಫರ್ಡ್ ನಿಘಂಟಿನಲ್ಲಿ ‘ಸೆಟ್’ನದ್ದೇ ದರ್ಬಾರು, ಸುಮಾರು 430 ಅರ್ಥ. ಈಗ ‘ರನ್’ ಅದನ್ನೂ ಹಿಂದೆ ಹಾಕಿದೆ. ಬರೀ ಕ್ರಿಯಾಪದಕ್ಕೇ 645. ಶಹಬ್ಬಾಸ್ ಅನ್ನೋಣ.

ಆದರೆ ಆ ‘ಸೆಟ್’ ಒಂದೇ ಮನೆಯದಲ್ಲ ಸ್ವಾಮಿ. ಕ್ರಿಯಾಪದವಾದ ‘ಸೆಟ್’, ‘ಸಿಟ್’ನ ಮಗಳು, ನಮ್ಮ ಕೂರು–ಕೂರಿಸು ಇದ್ದ ಹಾಗೆ. ಗುಂಪು ಅನ್ನುವ ‘ಸೆಟ್’ ಲ್ಯಾಟಿನ್ನಿನ ‘ಸೆಕ್ಟಾ’ದಿಂದ ಹಳೆಯ ಫ್ರೆಂಚ್ ದಾರಿಯಲ್ಲಿ ಬಂತು. ಸೆಕ್ಟಾ ಅಂದರೆ ಗುರುವಿನ ಹಿಂದೆ ಹೊರಟ ಹಿಂಬಾಲಕರು. ಸೆಟ್ ದೋಸೆ ಈ ಕಡೆಯ ನೆಂಟ. ತಟ್ಟೆಯಲ್ಲಿ ಮೂವರು ಶಿಷ್ಯರು, ಪಕ್ಕದಲ್ಲಿ ಸಾಗು.

ಈಗ ನಮ್ಮ ‘ಕೂರಿಸು’ ನೋಡಿ. ಹೋದ ತಿಂಗಳು ಮನೆಯವಳ ಉಂಗುರ ಹಿಡಿದು ನಗರ್ತಪೇಟೆಗೆ ಹೋಗಿದ್ದೆ. ಕೆಲಸಗಾರ ಅದನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಹರಳು ಒತ್ತಿ ನೋಡಿದರು. “ಸರ್, ಕೂತಿಲ್ಲ ಇದು. ಎತ್ತಿ ಮತ್ತೆ ಕೂರಿಸಬೇಕು” ಅಂದರು. ಇಂಗ್ಲಿಷಿನವರೂ ಹರಳನ್ನು ‘ಸೆಟ್’ ಮಾಡುತ್ತಾರೆ, ಮುರಿದ ಮೂಳೆಯನ್ನೂ ‘ಸೆಟ್’ ಮಾಡುತ್ತಾರೆ. ನಾವು ಎರಡನ್ನೂ ಕೂರಿಸುತ್ತೇವೆ. ಅವರನ್ನು ಕೇಳಿ ಕಲಿತದ್ದಲ್ಲ. ಗಣಪತಿ ಕೂರಿಸುತ್ತೇವೆ, ದಸರೆಗೆ ಗೊಂಬೆ ಕೂರಿಸುತ್ತೇವೆ. ಎದೆಯಲ್ಲಿ ಕಫ ಕೂರುತ್ತದೆ, ಭುಜದ ಹತ್ತಿರ ಬ್ಲೌಸ್ ಕೂರುವುದಿಲ್ಲ, ಮಳೆಗೆ ಮಣ್ಣು ಕೂರುತ್ತದೆ, ಪಾಠ ಮಾತ್ರ ತಲೆಯಲ್ಲಿ ಕೂರುವುದಿಲ್ಲ. ‘ಹೊಡಿ’ ಶುರು ಮಾಡಿದರೆ ಈ ಪುಟ ಸಾಲದು. ಇಷ್ಟನ್ನೂ ದಿನಾ ಆಡುವ ನೀವೇ ಕಸುವಿಲ್ಲ ಅಂದರೆ ಹೇಗೆ?

ವ್ಯತ್ಯಾಸ ಇರುವುದು ಬರೆದಿಡುವುದರಲ್ಲಿ. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆಗೆ ಸಾಮಾನ್ಯ ಓದುಗರು ಪದಗಳ ಬಳಕೆಯನ್ನು ಚೀಟಿಯಲ್ಲಿ ಬರೆದು ಕಳಿಸಿದರು. ಆ ನಿಘಂಟಿನ ಮೊದಲ ಕಂತು 1884ರಲ್ಲಿ ಬಂತು, ಕೊನೆಯದು 1928ರಲ್ಲಿ. ಅದನ್ನು ಇವತ್ತಿಗೂ ತಿದ್ದುತ್ತಲೇ ಇದ್ದಾರೆ. ನಮ್ಮಲ್ಲಿ ಕಿಟ್ಟೆಲ್ 1894ರಲ್ಲೇ ದೊಡ್ಡ ನಿಘಂಟು ಕೊಟ್ಟರು. ಸಾಹಿತ್ಯ ಪರಿಷತ್ತಿನವರು ಎಂಟು ಸಂಪುಟ ಮಾಡಿದರು. ದೊಡ್ಡ ಕೆಲಸ, ಒಪ್ಪಿದೆ. ಆಮೇಲೆ? ಮೇಯೋ ಹಾಲ್ ಹತ್ತಿರ ಕಿಟ್ಟೆಲ್ ಪ್ರತಿಮೆ ನಿಲ್ಲಿಸಿದೆವು. ನವೆಂಬರ್ ಬಂದರೆ ಬಾವುಟ, ಭಾಷಣ, ಯಾರೂ ಆಡದ ಸಂಸ್ಕೃತ ಪದ ಹೊಸೆದ ಬೋರ್ಡು. ಪಂಕ್ಚರ್ ಅಂಗಡಿಯವನ ಮಾತು, ಹೋಟೆಲ್ ಅಡುಗೆಮನೆಯ ಮಾತು, ಗಾರೆಯವರ ಮಾತು ಬರೆದುಕೊಳ್ಳುವವರು ಎಲ್ಲಿ? ನಮ್ಮ ಕಚೇರಿಗೆ ಬರುವ ಲೇಖನಗಳಲ್ಲೂ ಜಾಸ್ತಿ ‘ಪ್ರತಿಷ್ಠಾಪಿಸಲಾಯಿತು’. ಗಣಪತಿಯನ್ನು ಕೂರಿಸಿದರು ಅಂತ ಬರೆದರೆ ಗಂಟೇನು ಹೋಗುತ್ತದೆ?

ನೀವೂ ಮೊಮ್ಮಗನೂ ಒಂದು ವಾರ ಮನೆಯ ಮಾತಿಗೆ ಕಿವಿಗೊಡಿ. ‘ಕೂರು’ ಎಲ್ಲೆಲ್ಲಿ ಬಂತು ಅಂತ ಕಾರ್ಡಿನಲ್ಲಿ ಬರೆದು ಕಳಿಸಿ, ಅಚ್ಚು ಹಾಕುತ್ತೇನೆ. ಅಂದ ಹಾಗೆ, ಉಂಗುರ ಇನ್ನೂ ಕೈಗೆ ಬಂದಿಲ್ಲ. ಹರಳು ಕೂತ ಮೇಲೆ ಫೋನ್ ಹೊಡೀತೀನಿ ಅಂದಿದ್ದಾರೆ.

– ಸಂ.