ಗ್ರ್ಯಾಂಡ್ ಕ್ಯಾನ್ಯನ್ ಟ್ರಿಪ್‌ನಲ್ಲಿ ಅರಿಜೋನಾದ ವಿನ್ಸ್ಲೋಗೆ ಅರ್ಧ ಗಂಟೆ ಸಾಕಾ? ಅಲ್ಲಿ ನೋಡೋಕೆ ಏನಿದೆ?

ನಾನೂ ನನ್ನ ಪ್ಲಾನ್‌ನಲ್ಲಿ ವಿನ್ಸ್ಲೋ ಮುಂದೆ ಬರೆದಿದ್ದು ಇಷ್ಟೇ, "30 ನಿಮಿಷ, ಫೋಟೋ". ಡಿಸೆಂಬರ್ ರಜ, ಹೆಂಡತಿ, ಮಗ, ಊರಿಂದ ಬಂದಿದ್ದ ಮಾವ. ಹಿಂದಿನ ರಾತ್ರಿ ಕ್ಯಾಲಿಫೋರ್ನಿಯಾ ಗಡಿಯ ನೀಡಲ್ಸ್‌ನಲ್ಲಿ ಉಳ್ಕೊಂಡು ಬೆಳಗ್ಗೆ ನಿಧಾನಕ್ಕೆ ಹೊರಟ್ವಿ. ಮೂರೂವರೆಗೆ ಮೀಟಿಯರ್ ಕ್ರೇಟರ್, ಆಮೇಲೆ ವಿನ್ಸ್ಲೋ, ವಾಪಸ್ ಬಂದು ಫ್ಲ್ಯಾಗ್‌ಸ್ಟಾಫ್‌ನಲ್ಲಿ ನಿದ್ದೆ.

ತಪ್ಪಾಗಿದ್ದು ಗಡಿಯಾರದಲ್ಲಿ. ಅಮೆರಿಕದ ಹೆಚ್ಚಿನ ಕಡೆ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ, ಚಳಿಗಾಲಕ್ಕೆ ವಾಪಸ್ ಹಿಂದೆ ಹಾಕ್ತಾರೆ, ಅರಿಜೋನಾದ ಬಹುಪಾಲು ಕಡೆ ಹಾಗೆ ಮಾಡಲ್ಲ, ಹಾಗಾಗಿ ಬೇಸಿಗೆಲಿ ಕ್ಯಾಲಿಫೋರ್ನಿಯಾ ಟೈಮೇ ಅಲ್ಲೂ, ಆದ್ರೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಅವರು ಒಂದು ಗಂಟೆ ಮುಂದೆ. ನಾನು ಹಿಂದೊಮ್ಮೆ ಜೂನ್‌ನಲ್ಲಿ ಹೋಗಿದ್ದೆ, ಒಂದೇ ಟೈಮ್ ಅಂತ ತಲೆಲಿ ಕೂತಿತ್ತು, ಕಾರಿನ ಗಡಿಯಾರ ತಾನಾಗೇ ಬದಲಾಗಲ್ಲ, ನಾನು ನೋಡ್ತಿದ್ದಿದ್ದು ಅದನ್ನೇ. ಮ್ಯಾಪ್ ನಾಲ್ಕೂವರೆಗೆ ತಲುಪ್ತೀರ ಅಂತಿತ್ತು, ಟ್ರಾಫಿಕ್ ಇರ್ಬೇಕು ಅಂದ್ಕೊಂಡೆ, ಆ ಬೋಳು ರಸ್ತೆಲಿ ಎಲ್ಲಿಂದ ಬರ್ಬೇಕು ಟ್ರಾಫಿಕ್! ಹಿಂದೆ ಕೂತಿದ್ದ ಮಾವ "ಅಳಿಯಂದ್ರೇ, ನನ್ನ ಫೋನಲ್ಲಿ ಟೈಮ್ ಬೇರೆ ತೋರಿಸ್ತಿದೆಯಲ್ಲ" ಅಂದ್ರು. ಸೆಟ್ಟಿಂಗ್ ತಪ್ಪಿರುತ್ತೆ ಬಿಡಿ ಮಾವ ಅಂದೆ.

ಕ್ರೇಟರ್‌ನಲ್ಲಿ ಟಿಕೆಟ್ ಕೊಡೋದು ನಿಲ್ಲಿಸಿಬಿಟ್ಟಿದ್ರು. 50,000 ವರ್ಷದ ಹಿಂದೆ ಉಲ್ಕೆ ಬಿದ್ದು ಆಗಿರೋ, ಒಂದು ಕಿಲೋಮೀಟರ್‌ಗಿಂತ ಅಗಲದ ಹಳ್ಳ, ಆದ್ರೆ ಖಾಸಗಿ ಜಾಗ, ಹೊರಗಿಂದ ಬರೀ ದಿಬ್ಬ ಕಾಣುತ್ತೆ. ಅಲ್ಲಿಂದ ವಿನ್ಸ್ಲೋ ತಲುಪೋ ಹೊತ್ತಿಗೆ ಕತ್ತಲೆ, ಓಲ್ಡ್ ಟ್ರೇಲ್ಸ್ ಮ್ಯೂಸಿಯಂಗೆ ಬೀಗ. ಮಾವ ಏನೂ ಅನ್ಲಿಲ್ಲ. ಈಗ್ಲೂ ಫೋನ್ ಮಾಡಿದ್ರೆ ಮೊದಲು ಕೇಳೋದು "ಅಲ್ಲಿ ಈಗ ಎಷ್ಟು ಗಂಟೆ", ಬೇಕಂತ್ಲೇ.

ಫೋಟೋ ಜಾಗ ಏನೋ ಸಿಕ್ತು. ಈಗಲ್ಸ್ ಅನ್ನೋ ಬ್ಯಾಂಡಿನ 1972ರ ಹಾಡಲ್ಲಿ ಈ ಊರಿನ ಹೆಸರು ಬರುತ್ತೆ, ಅದನ್ನೇ ಹಿಡ್ಕೊಂಡು 1999ರಲ್ಲಿ ಮಾಡಿದ ರಸ್ತೆ ಮೂಲೆ, ಗಿಟಾರ್ ಹಿಡಿದ ಪ್ರತಿಮೆ, ಕೆಂಪು ಫೋರ್ಡ್ ಟ್ರಕ್. ಹಿಂದಿನ ಗೋಡೆಲಿರೋ ಕಿಟಕಿಗಳೆಲ್ಲ ಬರೀ ಪೇಂಟಿಂಗ್, 2004ರಲ್ಲಿ ಕಟ್ಟಡ ಸುಟ್ಟುಹೋಗಿ ಗೋಡೆ ಮಾತ್ರ ಉಳೀತು. ಇದಕ್ಕೆ ನಿಜವಾಗ್ಲೂ ಹತ್ತು ನಿಮಿಷ ಸಾಕು.

ಆದ್ರೆ ಚಳಿಗೆ ಬಿಸಿಯಾಗಿ ಏನಾದ್ರೂ ಕುಡಿಯೋಣ ಅಂತ ಲಾ ಪೊಸಾಡಾ ಹೋಟೆಲ್ ಒಳಗೆ ಹೋದ್ವಿ ನೋಡಿ, ಊರು ಅರ್ಥ ಆಗಿದ್ದು ಅಲ್ಲಿ. ಸಾಂಟಾ ಫೆ ರೈಲ್ವೆಗೆ ಮೇರಿ ಕೋಲ್ಟರ್ ಡಿಸೈನ್ ಮಾಡಿದ್ದು, 1930ರಲ್ಲಿ ಶುರು, ಅಂದ್ರೆ ಷೇರುಪೇಟೆ ಮುಳುಗಿದ ಮರುವರ್ಷ. 1957ರಲ್ಲಿ ಮುಚ್ಚಿ ರೈಲ್ವೆ ಆಫೀಸ್ ಮಾಡ್ಕೊಂಡ್ರು, 1997ರಿಂದ ಹೊಸಬರು ಕೊಂಡು ರಿಪೇರಿ ಮಾಡಿ ಮತ್ತೆ ಹೋಟೆಲ್ ಮಾಡಿದ್ರು. ನಾವು ಕಾರಲ್ಲಿ ಬಂದು ಒಳಗೆ ಹೋಗೋದು ಹಿತ್ತಲ ಕಡೆಯಿಂದ, ಹೋಟೆಲಿನ ಮುಖ ಇರೋದು ಹಳಿಗೆ, ಯಾಕಂದ್ರೆ ಆಗ ಜನ ಬರ್ತಿದ್ದಿದ್ದು ರೈಲಲ್ಲಿ. ಆ ಕಡೆ ಬೆಂಚಲ್ಲಿ ಕೂತಿದ್ದಾಗ ಎರಡೆರಡು ಕಂಟೇನರ್ ಪೇರಿಸ್ಕೊಂಡ ಗೂಡ್ಸ್ ಬಂತು, ಕೈಲಿದ್ದ ಕಪ್ ಅಲ್ಲಾಡ್ತು, ಮಗ ಡಬ್ಬಿಗಳನ್ನ ತೊಂಬತ್ತರವರೆಗೆ ಎಣಿಸಿ ಸುಮ್ಮನಾದ. ಎದ್ದು ಬರೋಕೆ ಮನಸ್ಸಿಲ್ಲ, ಆದ್ರೆ ಫ್ಲ್ಯಾಗ್‌ಸ್ಟಾಫ್ ರೂಮಿಗೆ ಆಗ್ಲೇ ದುಡ್ಡು ಕಟ್ಟಿದ್ವಿ, ವಾಪಸ್ ಬರಲ್ಲ.

ಹಾಗಾಗಿ ನನ್ನ ಕೇಳಿದ್ರೆ, ಅರ್ಧ ಗಂಟೆಗಾದ್ರೆ ಹೋಗ್ಲೇಬೇಡಿ, ಡೀಸೆಲ್ ದಂಡ. ಒಂದು ರಾತ್ರಿ ಅಲ್ಲೇ ಮಲಗಿ. ಎರಡು ವರ್ಷ ಆದ್ಮೇಲೆ ನಾವು ಹಾಗೇ ಮಾಡಿದ್ವಿ, ಬೆಳಗ್ಗೆ ಪಕ್ಕದ ಹೊಮೊಲೋವಿಗೆ ಹೋದ್ವಿ, ಹೋಪಿ ಅನ್ನೋ ಮೂಲನಿವಾಸಿ ಜನರ ಪೂರ್ವಜರ ಊರು, ಬಿದ್ದ ಗೋಡೆಗಳ ಮಧ್ಯೆ ನೆಲದ ಮೇಲೇ ಮಡಕೆ ಚೂರುಗಳು. ಒಂದನ್ನೂ ಎತ್ಕೊಂಡು ಬರಂಗಿಲ್ಲ, ಮಕ್ಕಳ ಜೇಬು ನೋಡ್ಕೊಳ್ಳಿ.

ಇನ್ನು ಮಾನ್ಯುಮೆಂಟ್ ವ್ಯಾಲಿ ಕಡೆ ಹೋಗೋದಿದ್ರೆ, ಅಲ್ಲಿನ ಇನ್ನೊಂದು ಮೂಲನಿವಾಸಿ ಜನರಾದ ನವಾಹೋ ಸೀಮೆಲಿ ಬೇಸಿಗೆಗೆ ಗಡಿಯಾರ ಮುಂದೆ ಹಾಕ್ತಾರೆ, ಅದರ ಮಧ್ಯೆ ಇರೋ ಹೋಪಿ ಸೀಮೆಲಿ ಹಾಕಲ್ಲ. ಟೂರ್ ಬುಕ್ ಮಾಡುವಾಗ ಯಾರ ಟೈಮು ಅಂತ ಬಾಯಿಬಿಟ್ಟು ಕೇಳಿ. ಚಳಿಗಾಲಕ್ಕಾದ್ರೆ ಕ್ಯಾಲಿಫೋರ್ನಿಯಾ ಕಡೆಯಿಂದ ಬರುವಾಗ ಗಡಿಲಿರೋ ಕೊಲೊರಾಡೊ ನದಿ ಸೇತುವೆ ದಾಟಿದ ತಕ್ಷಣ ಕಾರಿನ ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸಿಬಿಡಿ.