ಪಿಎಚ್‌ಡಿ ಮುಗಿಸಿ ಹೊಲಕ್ಕೆ, ಹೊಲದಿಂದ ಸಂಸತ್ತಿಗೆ

ಪ್ರಶ್ನೆ: ಅಮೆರಿಕದ ಸಂಸತ್ತಿಗೆ ಆರಿಸಿ ಬಂದ ಮೊದಲ ಭಾರತೀಯ ದಲೀಪ್ ಸಿಂಗ್ ಸೌಂದ್ ಅಂತ ಓದಿದೆ. ಇನ್ನೊಂದು ಕಡೆ ಅವರು ರೈತರು ಅಂತಿತ್ತು, ಮತ್ತೊಂದು ಕಡೆ ಗಣಿತದ ಪಿಎಚ್‌ಡಿ ಅಂತ. ಯಾವುದು ನಿಜ?

ಉತ್ತರ: ಎಲ್ಲವೂ ನಿಜ. ಹುಟ್ಟಿದ್ದು 1899ರಲ್ಲಿ, ಪಂಜಾಬಿನ ಅಮೃತಸರದ ಕಡೆಯ ಒಂದು ಹಳ್ಳಿಯಲ್ಲಿ. ಹಣ್ಣು ತರಕಾರಿ ಕೆಡದಂತೆ ಡಬ್ಬಿಯಲ್ಲಿಡುವ ವಿದ್ಯೆ ಕಲಿಯಲು 1920ರಲ್ಲಿ ಅಮೆರಿಕಕ್ಕೆ ಹೋದರು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮನಸ್ಸು ಗಣಿತದ ಕಡೆ ವಾಲಿತು, 1924ರಲ್ಲಿ ಪಿಎಚ್‌ಡಿಯೂ ಬಂತು. ಓದಿಗೆ ತಕ್ಕ ಕೆಲಸ ಮಾತ್ರ ಸಿಗಲಿಲ್ಲ. ಭಾರತೀಯರು ಬಿಳಿಯರಲ್ಲ, ಹಾಗಾಗಿ ಅವರಿಗೆ ಪೌರತ್ವ ಇಲ್ಲ ಅಂತ 1923ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಎಂಬವರ ಕೇಸಿನಲ್ಲಿ ಹೇಳಿಬಿಟ್ಟಿತ್ತು. ಪೌರತ್ವ ಸಿಗದವರು ಜಮೀನು ಕೊಳ್ಳುವಂತಿಲ್ಲ ಅನ್ನೋದು ಕ್ಯಾಲಿಫೋರ್ನಿಯಾದ ಆಗಿನ ಕಾನೂನು. ಕೊನೆಗೆ ಈ ಗಣಿತದ ಡಾಕ್ಟರು ಇಂಪೀರಿಯಲ್ ಕಣಿವೆಗೆ ಹೋಗಿ ಹತ್ತಿ ಬಿಡಿಸುವ ಕೂಲಿಗಳ ಮೇಸ್ತ್ರಿಯಾದರು, ಆಮೇಲೆ ತಾವೇ ಬೇಸಾಯಕ್ಕಿಳಿದರು. ಸುಮ್ನೆ ಕೂರುವ ಆಸಾಮಿ ಅಲ್ಲ. ಪೌರತ್ವಕ್ಕಾಗಿ ಸಂಘ ಕಟ್ಟಿ ಓಡಾಡಿದವರಲ್ಲಿ ಇವರೂ ಒಬ್ಬರು. 1946ರಲ್ಲಿ ಕಾನೂನು ಬದಲಾಯಿತು. ವರ್ಷಕ್ಕೆ ಬರೀ 100 ಜನ ಭಾರತೀಯರಿಗೆ ವಲಸೆ ಬರಲು ಅವಕಾಶ, ಆದರೆ ಅಲ್ಲಿ ಆಗಲೇ ಇದ್ದವರು ಪೌರತ್ವ ಕೇಳಬಹುದಿತ್ತು. ಸೌಂದ್ ಅವರಿಗೆ ಅದು ಸಿಕ್ಕಿದ್ದು 1949ರ ಡಿಸೆಂಬರಿನಲ್ಲಿ, ಅವರ 50ನೇ ವಯಸ್ಸಿನಲ್ಲಿ.

ಪ್ರಶ್ನೆ: ಜಡ್ಜ್ ಚುನಾವಣೆ ಗೆದ್ದರೂ ಕುರ್ಚಿ ಕೊಡಲಿಲ್ಲವಂತೆ?

ಉತ್ತರ: ಹೌದು. ವೆಸ್ಟ್‌ಮೋರ್‌ಲೆಂಡ್ ಅನ್ನೋ ಚಿಕ್ಕ ಊರಿನಲ್ಲಿ ಸಣ್ಣಪುಟ್ಟ ಕೇಸು ನೋಡುವ ಜಡ್ಜ್ ಹುದ್ದೆಗೆ 1950ರಲ್ಲಿ ನಿಂತು ಗೆದ್ದರು. ಪೌರತ್ವ ಬಂದು ಒಂದು ವರ್ಷ ತುಂಬಿಲ್ಲ ಅಂತ ಗೆಲುವು ರದ್ದಾಯಿತು! 1952ರಲ್ಲಿ ಮತ್ತೆ ನಿಂತರು, ಮತ್ತೆ ಗೆದ್ದರು. ನನ್ನ ಕೇಳಿದರೆ ಸಂಸತ್ತಿಗಿಂತ ಈ ಗೆಲುವೇ ದೊಡ್ಡದು, ಯಾಕಂದ್ರೆ ಅಕ್ಕಪಕ್ಕದವರೇ ಓಟು ಹಾಕಬೇಕಿತ್ತು. ನೀವು ಗೆದ್ದರೆ ನಿಮ್ಮ ಕೋರ್ಟಿಗೆ ಬರೋಕೆ ಪೇಟ ನೀವೇ ಕೊಡ್ತೀರೋ, ನಾವೇ ಕೊಂಡ್ಕೋಬೇಕೋ ಅಂತ ಒಬ್ಬ ಎಲ್ಲರೆದುರು ಕೆಣಕಿದ. ತಲೆ ಮೇಲೆ ಏನಿದ್ದರೂ ನನಗೆ ಚಿಂತೆಯಿಲ್ಲ, ಒಳಗೇನಿದೆ ಅನ್ನೋದಷ್ಟೇ ಮುಖ್ಯ ಅಂದರು ಸೌಂದ್. ಅಷ್ಟು ಹೊತ್ತಿಗೆ ಅವರು ಪೇಟ ಬಿಟ್ಟು ಎಷ್ಟೋ ಕಾಲವಾಗಿತ್ತು ಅನ್ನೋದು ಬೇರೆ ಮಾತು.

ಪ್ರಶ್ನೆ: ಸಂಸತ್ತಿಗೆ ಹೋಗಿ ಏನು ಮಾಡಿದರು?

ಉತ್ತರ: ಮೊದಲು ಹೋದದ್ದು ಹೇಗೆ ಅಂತ ಕೇಳಿ. 1956ರಲ್ಲಿ ದೇಶದ ತುಂಬಾ ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ಐಸೆನ್‌ಹೋವರ್ ಅಲೆ, ಇವರು ನಿಂತದ್ದು ಎದುರಿನ ಡೆಮಾಕ್ರಟಿಕ್ ಪಕ್ಷದಿಂದ. ಎದುರಾಳಿ ಜಾಕ್ವೆಲಿನ್ ಕಾಕ್ರನ್, ಶಬ್ದಕ್ಕಿಂತ ವೇಗವಾಗಿ ವಿಮಾನ ಹಾರಿಸಿದ ಮೊದಲ ಮಹಿಳೆ. ಗಂಡ ಭಾರೀ ಶ್ರೀಮಂತ. ಹೆಸರು, ದುಡ್ಡು ಎರಡೂ ಆ ಕಡೆಗೇ ಜಾಸ್ತಿ, ಆದರೂ ಸೌಂದ್ ಕಮ್ಮಿ ಅಂತರದಲ್ಲಿ ಗೆದ್ದರು. ಆ ಸಂಸತ್ತಿಗೆ ಹೋದ ಮೊದಲ ಏಷ್ಯಾ ಮೂಲದವರು, ಮೊದಲ ಸಿಖ್ ಎರಡೂ ಇವರೇ. ವಿದೇಶಾಂಗ ಸಮಿತಿಯಲ್ಲಿದ್ದರು, 1957ರ ನಾಗರಿಕ ಹಕ್ಕುಗಳ ಮಸೂದೆಯ ಪರ ನಿಂತರು.

ಮೂರು ಸಲ ಗೆದ್ದವರಿಗೆ 1962ರಲ್ಲಿ ವಿಮಾನದಲ್ಲಿದ್ದಾಗಲೇ ಪಾರ್ಶ್ವವಾಯು ಬಡಿಯಿತು, ಮಾತು ನಿಂತುಹೋಯಿತು. ಪ್ರಚಾರಕ್ಕೂ ಹೋಗಲಾಗದೆ ಆ ವರ್ಷ ಸೋತರು. ತೀರಿಕೊಂಡದ್ದು 1973ರಲ್ಲಿ. ಅವರಾದ ಮೇಲೆ ಆ ಸಂಸತ್ತಿಗೆ ಇನ್ನೊಬ್ಬ ಭಾರತೀಯ ಮೂಲದವರು ಆರಿಸಿ ಬಂದದ್ದು 2004ರಲ್ಲಿ. ಬಾಬಿ ಜಿಂದಾಲ್, ಅದೂ ರಿಪಬ್ಲಿಕನ್ ಪಕ್ಷದಿಂದ.