ಮೊಬೈಲ್ ಬಂದ ಮೇಲೆ ಷೇರಿನ ಲಾಭ ಎಲ್ಲಿ ಹೋಯಿತು?

ಪತ್ರ: ಮೊದಲೆಲ್ಲ ಶಿವಮೊಗ್ಗದ ಬ್ರೋಕರ್ ಕಚೇರಿಗೆ ಫೋನ್ ಮಾಡಿ ಷೇರು ತಗೊಳ್ತಿದ್ದೆ. ವರ್ಷಕ್ಕೆ ನಾಲ್ಕೈದು ಸಲ ಅಷ್ಟೆ, ಲಾಭ ಚೆನ್ನಾಗಿಯೇ ಇತ್ತು. ಮಗ ಮೊಬೈಲಿಗೆ ಆ್ಯಪ್ ಹಾಕಿಕೊಟ್ಟ ಮೇಲೆ ದಿನಾ ಕೊಳ್ಳೋದು, ಮಾರೋದು. ಈಗ ಮಾರುಕಟ್ಟೆಯ ವಿಷಯ ಹಿಂದಿಗಿಂತ ಹೆಚ್ಚು ಗೊತ್ತಿದೆ, ಕೈಯಲ್ಲಿ ಉಳಿಯೋದು ಮಾತ್ರ ಕಡಿಮೆ. ಟ್ರೇಡಿಂಗ್ ಕೋರ್ಸ್ ಸೇರಲೇ? ಹೋದದ್ದನ್ನು ಆಪ್ಷನ್‌ನಲ್ಲಿ ವಾಪಸ್ ತೆಗೆಯಬಹುದು ಅಂತಾನೆ ಮಗ. ಈ ಸಲದ ಅಡಿಕೆ ದುಡ್ಡು ಹಾಕಬಹುದೇ?
— ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಸಂಪಾದಕರ ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಅಡಿಕೆ ದುಡ್ಡನ್ನು ದಯವಿಟ್ಟು ಅಲ್ಲಿ ಹಾಕಬೇಡಿ. ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ, ಅಂದರೆ ಮುಂದೆ ಬರುವ ಬೆಲೆಯ ಮೇಲೆ ಮಾಡಿಕೊಳ್ಳುವ ಕರಾರುಗಳಲ್ಲಿ, ವ್ಯವಹರಿಸಿದ ಒಂದು ಕೋಟಿಗೂ ಹೆಚ್ಚು ಜನರ ಮೂರು ವರ್ಷಗಳ ಲೆಕ್ಕವನ್ನು ಷೇರು ಮಾರುಕಟ್ಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ನೂರರಲ್ಲಿ 93 ಮಂದಿ ಕಳೆದುಕೊಂಡಿದ್ದರು, ಸರಾಸರಿ ತಲಾ ಸುಮಾರು 2 ಲಕ್ಷ ರೂಪಾಯಿ. ಮಗನಿಗೆ ಈ ಪುಟವನ್ನೇ ಕೊಟ್ಟು ಓದಿಸಿ.

ಇನ್ನು ಕೋರ್ಸಿನ ವಿಚಾರ. ನಿಮಗಾಗಿರುವುದು ತಿಳಿವಳಿಕೆಯ ಕೊರತೆಯಲ್ಲ ಎಂದು ನನಗೆ ದೃಢವಾಗಿ ಅನ್ನಿಸುತ್ತದೆ. ಅಮೆರಿಕದ ಬ್ರಾಡ್ ಬಾರ್ಬರ್ ಮತ್ತು ಟೆರೆನ್ಸ್ ಓಡಿಯನ್ ಎಂಬ ಅರ್ಥಶಾಸ್ತ್ರಜ್ಞರು, ಫೋನ್ ಬಿಟ್ಟು ಆನ್‌ಲೈನ್ ವಹಿವಾಟಿಗೆ ಬಂದ 1,607 ಜನರ ಖಾತೆಗಳನ್ನು ಕೂಲಂಕಷವಾಗಿ ನೋಡಿ 2002ರಲ್ಲಿ ಪ್ರಕಟಿಸಿದರು. ಬದಲಾಗುವ ಮೊದಲು ಆ ಜನ ಮಾರುಕಟ್ಟೆಗಿಂತ ವರ್ಷಕ್ಕೆ ಶೇ. 2ಕ್ಕೂ ಹೆಚ್ಚು ಗಳಿಸುತ್ತಿದ್ದರು. ಬದಲಾದ ಮೇಲೆ ಶೇ. 3ಕ್ಕೂ ಹೆಚ್ಚು ಹಿಂದೆ ಬಿದ್ದರು. ಅದೇ ಜನ, ಅದೇ ತಲೆ! ನಿಮ್ಮ ಪತ್ರ ಓದುವಾಗ ನನಗೆ ನೆನಪಾದದ್ದು ಇದೇ.

ಆ ಅರ್ಥಶಾಸ್ತ್ರಜ್ಞರು ಕೊಟ್ಟ ಕಾರಣ ನಿಮಗೂ ಒಪ್ಪುತ್ತದೆ. ಮೊದಲು ಬಂದ ಲಾಭದಿಂದ ಆ ಜನಕ್ಕೆ ಧೈರ್ಯ ಹೆಚ್ಚಿತ್ತು. ಪರದೆಯ ತುಂಬ ಚಾರ್ಟು, ಸುದ್ದಿ ಸಿಕ್ಕಾಗ ಎಲ್ಲ ಗೊತ್ತಿದೆ ಅನ್ನಿಸಿತು. ಬೆರಳೊತ್ತಿದರೆ ಸೌದಾ ಮುಗಿಯುವುದರಿಂದ ಎಲ್ಲ ಕೈಯಲ್ಲಿದೆ ಎಂದೂ ಅನ್ನಿಸಿತು. ಹಾಗಾಗಿ ಹೆಚ್ಚು ಹೆಚ್ಚು ಕೊಂಡು ಮಾರಿದರು. ಅಡಿಕೆಯಲ್ಲಿ ನಾವು ಹಾಗೆ ಮಾಡುವುದಿಲ್ಲ. ಮೂಟೆ ಕಟ್ಟಬೇಕು, ಗಾಡಿ ಮಾಡಬೇಕು, ಮಂಡಿಯಲ್ಲಿ ಒಂದು ದಿನ ಕಳೆಯಬೇಕು. ರಾಶಿ ಅಡಿಕೆಯ ಧಾರಣೆ ಐನೂರು ರೂಪಾಯಿ ಇಳಿಯಿತೆಂದು ಯಾರೂ ಅಂದೇ ಓಡುವುದಿಲ್ಲ. ಆ ತಾಪತ್ರಯವೇ ನಮಗೆ ಯೋಚನೆ ಮಾಡಲು ಸಮಯ ಕೊಡುತ್ತದೆ. ನಿಮಗೆ ಆ ಸಮಯ ಕೊಡುತ್ತಿದ್ದದ್ದು ಬ್ರೋಕರ್ ಕಚೇರಿಯ ಫೋನು.

ಖರ್ಚನ್ನೂ ನೋಡಿ. ಬ್ರೋಕರೇಜ್ ಇಲ್ಲ ಎಂದ ಮಾತ್ರಕ್ಕೆ ವಹಿವಾಟು ಪುಕ್ಕಟೆಯಲ್ಲ. ಡೆಲಿವರಿ ಷೇರನ್ನು (ಅಂದೇ ಮಾರದೆ ಖಾತೆಯಲ್ಲಿ ಇಟ್ಟುಕೊಳ್ಳುವ ಷೇರು) ಕೊಂಡಾಗಲೂ ಮಾರಿದಾಗಲೂ ಶೇ. 0.1ರಷ್ಟು ಎಸ್‌ಟಿಟಿ, ಅಂದರೆ ಷೇರು ವಹಿವಾಟಿನ ತೆರಿಗೆ, ಇದೆ. 5 ಲಕ್ಷದ ಬಂಡವಾಳವನ್ನು ವರ್ಷದಲ್ಲಿ ಹತ್ತು ಸಲ ತಿರುಗಿಸಿದರೆ, ಲಾಭವಾಗಲಿ ನಷ್ಟವಾಗಲಿ, ಇದೊಂದಕ್ಕೇ 10 ಸಾವಿರ ಹೋಯಿತು. ಜೊತೆಗೆ ಸ್ಟಾಂಪ್ ಶುಲ್ಕ, ಮಾರಿದಾಗ ಷೇರು ಖಾತೆ ನೋಡಿಕೊಳ್ಳುವವರು ಹಿಡಿಯುವ ಡಿಪಿ ಶುಲ್ಕ. ಹನ್ನೆರಡು ತಿಂಗಳೊಳಗೆ ಮಾರಿದ ಲಾಭಕ್ಕೆ 2024ರ ಜುಲೈ 23ರಿಂದ ಶೇ. 20 ತೆರಿಗೆ. ಅದಕ್ಕೂ ಹೆಚ್ಚು ಕಾಲ ಇಟ್ಟುಕೊಂಡಿದ್ದರೆ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆಯೇ ಇಲ್ಲ, ಆಮೇಲಿನದಕ್ಕೆ ಶೇ. 12.5.

ಇಷ್ಟು ಹೇಳಿದೆನೆಂದು ಬ್ರೋಕರ್ ಕಚೇರಿಯ ಕಾಲಕ್ಕೇ ಮರಳಿ ಎನ್ನುತ್ತಿಲ್ಲ. ಕಾಗದದ ಷೇರುಪತ್ರ, ಸಹಿ ಹೊಂದಲಿಲ್ಲವೆಂದು ವಾಪಸು ಬರುತ್ತಿದ್ದ ವರ್ಗಾವಣೆ ಅರ್ಜಿಗಳ ಕಷ್ಟ ಕಂಡವರಿಗೆ, ಷೇರನ್ನು ಕಾಗದವಿಲ್ಲದೆ ಕಂಪ್ಯೂಟರ್ ಖಾತೆಯಲ್ಲಿಡುವ ಡಿಮ್ಯಾಟ್ ಎಷ್ಟು ದೊಡ್ಡ ಅನುಕೂಲವೆಂದು ಗೊತ್ತು. ಆಗುಂಬೆ ಘಾಟಿಯ ಪಕ್ಕದ ಹಳ್ಳಿಯಲ್ಲಿ ಕೂತವರಿಗೂ ಮುಂಬೈಯವರಿಗೆ ಸಿಗುವ ಬೆಲೆಯೇ ಸಿಗುತ್ತದೆ. ಆ್ಯಪ್ ಇರಲಿ. ದರದ ನೋಟಿಫಿಕೇಶನ್‌ಗಳನ್ನೆಲ್ಲ ಬಂದ್ ಮಾಡಿ. ಯಾವ ಷೇರನ್ನು ಯಾಕೆ ಕೊಳ್ಳುತ್ತಿದ್ದೀರಿ ಎಂದು ಮೊದಲು ಪುಸ್ತಕದಲ್ಲಿ ಬರೆಯಿರಿ, ಒಂದು ವಾರ ಬಿಟ್ಟು ಆರ್ಡರ್ ಹಾಕಿ. ಮಾರುವಾಗಲೂ ಹಾಗೆಯೇ. ಏರಿದ್ದನ್ನು ಅವಸರದಲ್ಲಿ ಮಾರಿ, ಇಳಿದದ್ದನ್ನು ‘ಕೊಂಡ ಬೆಲೆ ಬರಲಿ’ ಎಂದು ಕಟ್ಟಿಕೊಂಡು ಕೂರುವ ಚಾಳಿ ನಮ್ಮಲ್ಲಿ ಬಹಳ ಜನಕ್ಕಿದೆ. ಕೊಂಡ ಬೆಲೆ ನಿಮಗೆ ನೆನಪಿರುತ್ತದೆ, ಕಂಪನಿಗೆ ಅದರ ಗೊಡವೆಯಿಲ್ಲ.

ಈ ಸಲದ ಅಡಿಕೆ ಹಣದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಖರ್ಚು, ಕೊನೆಗಾರರ ಕೂಲಿ, ಮನೆಯ ಒಂದು ವರ್ಷದ ಖರ್ಚು ಮೊದಲು ಬ್ಯಾಂಕಿನಲ್ಲಿಡಿ. ಕೊಳೆರೋಗ ಬಂದ ವರ್ಷ ಷೇರೂ ಬಿದ್ದಿದ್ದರೆ ನಷ್ಟಕ್ಕೆ ಮಾರುವ ಪಾಡು ಬರಬಾರದು. ಮಿಕ್ಕದ್ದರಲ್ಲಿ ಹತ್ತು ವರ್ಷ ಮುಟ್ಟದೆ ಇರಬಲ್ಲಷ್ಟನ್ನು ಮಾತ್ರ ನಿಫ್ಟಿ ಇಂಡೆಕ್ಸ್ ಫಂಡಿಗೆ (ನಿಫ್ಟಿ ಸೂಚ್ಯಂಕದಲ್ಲಿರುವ ದೊಡ್ಡ ಕಂಪನಿಗಳ ಷೇರನ್ನೆಲ್ಲ ಒಟ್ಟಿಗೆ ಕೊಂಡಿಡುವ ಫಂಡು) ಕಂತುಕಂತಾಗಿ ಹಾಕಿ. ಆ್ಯಪ್ ಬಂದಂದಿನಿಂದ ನೀವು ಹಾಕಿದ, ತೆಗೆದ ಹಣದ ಪಟ್ಟಿಯನ್ನು ಮಗನ ಕೈಯಲ್ಲೇ ಮಾಡಿಸಿ, ಅದೇ ದಿನಗಳಲ್ಲಿ ಅಷ್ಟೇ ಹಣ ಇಂಡೆಕ್ಸ್ ಫಂಡಿನಲ್ಲಿದ್ದಿದ್ದರೆ ಎಷ್ಟಾಗುತ್ತಿತ್ತು ಎಂದು ಪಕ್ಕದಲ್ಲಿ ಬರೆಸಿ. ಕೋರ್ಸಿನ ಶುಲ್ಕ ಕಟ್ಟುವ ಮೊದಲು ಈ ಲೆಕ್ಕ ಆಗಲಿ.